ತುಟಿ ಫಿಲ್ಲರ್: ಜಯನಗರದ ಒಂದು ಚರ್ಮ ಚಿಕಿತ್ಸಾಲಯ

ಐದಕ್ಕೆ ಎರಡು ಅಂಕ. ಅದೂ ಮರಗಟ್ಟಿಸುವ ಮುಲಾಮು ಹಚ್ಚಿ ತಾಳ್ಮೆಯಿಂದ ಕಾದ ದಾದಿಗೆ. ತುಟಿ ತುಂಬಿಕೊಳ್ಳಲೆಂದು ಚುಚ್ಚಿದ್ದು ಒಂದು ಮಿಲಿಲೀಟರ್ ಹೈಯಲುರಾನಿಕ್ ಆಮ್ಲದ ಜೆಲ್, ಅದೇ ಫಿಲ್ಲರ್; 'ಆರು ತಿಂಗಳಲ್ಲಿ ತಾನಾಗಿಯೇ ಕರಗುತ್ತದೆ' ಎಂದಿದ್ದರು ವೈದ್ಯರು. ಎರಡು ವರ್ಷ ದಾಟಿದರೂ ಪೂರ್ತಿ ಹೋಗಿಲ್ಲ. ತುಟಿಯ ಅಂಚು ದಾಟಿ ಮೇಲಕ್ಕೆ ಸರಿದು, ಮೂಗಿನ ಕೆಳಗೆ ಊದಿಕೊಂಡಂತೆ ನಿಂತಿದೆ. ಎಡಗಡೆ ಒಳಗಿನಿಂದ ನಾಲಿಗೆ ಆಡಿಸಿದರೆ ಸಾಸಿವೆ ಕಾಳಿನಷ್ಟು ಗಂಟು ಸಿಗುತ್ತದೆ.

ಹೈಯಲುರೊನಿಡೇಸ್ ಎಂಬ ಕಿಣ್ವದ ಚುಚ್ಚುಮದ್ದು ಇದನ್ನು ಕರಗಿಸಬಲ್ಲದು. ಆ ಮಾತು ಕೇಳಿದ್ದು ಬೇರೆಡೆಯ ಚರ್ಮತಜ್ಞೆಯ ಬಾಯಲ್ಲಿ. ಇಲ್ಲಿಯವರು ಹೇಳಿದ್ದು, 'ಇನ್ನರ್ಧ ಮಿಲಿ ಹಾಕಿದರೆ ಸಮವಾಗುತ್ತದೆ ಮೇಡಂ' ಎಂದು! ಕೆಡಿಸಿದ್ದನ್ನು ಸರಿಪಡಿಸಲೂ ನಾನೇ ದುಡ್ಡು ತೆರಬೇಕಂತೆ. ಯಾವ ಕಂಪನಿಯ ಮದ್ದು, ಬ್ಯಾಚ್ ಸಂಖ್ಯೆ ಏನು ಎಂದರೆ ಕಡತದಲ್ಲಿ ಏನೂ ಇಲ್ಲ. ಬಿಲ್ಲಿನಲ್ಲಿ 'ಲಿಪ್ ಪ್ಯಾಕೇಜ್' ಎಂದಷ್ಟೇ ಇದೆ.

ಚುಚ್ಚಿದ ಮೇಲೆ ಚರ್ಮ ಬಿಳಿಚಿಕೊಂಡು ವಿಪರೀತ ನೋಯತೊಡಗಿದರೆ ರಕ್ತನಾಳ ಕಟ್ಟಿಕೊಂಡಿರಬಹುದು. ಆಗ ತಡಮಾಡದೆ ಕೊಡಬೇಕಾದದ್ದೂ ಅದೇ ಕಿಣ್ವ. ಅದನ್ನು ಇಲ್ಲಿ ಇಟ್ಟಿದ್ದೀರಾ ಎಂದು ವಿಚಾರಿಸಿದ್ದಕ್ಕೆ ಸ್ವಾಗತಕಾರಿಣಿ ಕಾಫಿ ಬೇಕೇ ಎಂದು ಕೇಳಿದರು. ಕಾಫಿ ಚೆನ್ನಾಗಿತ್ತು.