ಕಟ್ಟು ಹಾಕುವ ಅಂಗಡಿಯಲ್ಲಿ ಕೌರ್ ಸಿಂಗ್

ಮಡಿಕೇರಿ ಪೇಟೆಯ ಒಂದು ಓಣಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕಿಕೊಡುವ ಹಳೆಯ ಅಂಗಡಿಯೊಂದಿದೆ. ಈಚೆಗೆ ಅಲ್ಲಿಯೇ ಒಂದು ಕಂಪ್ಯೂಟರ್ ಇಟ್ಟುಕೊಂಡು, ಹಾಳಾದ ಫೋಟೋಗಳನ್ನು ಸರಿಪಡಿಸಿ ದೊಡ್ಡದಾಗಿ ಮುದ್ರಿಸಿಕೊಡುವ ಕೆಲಸವನ್ನೂ ಆರಂಭಿಸಿದ್ದಾರೆ. ಮೆಚ್ಚುಗೆಯಷ್ಟೇ ದೂರೂ ಇರುವುದರಿಂದ ಅಂಗಡಿಯ ಹೆಸರನ್ನು ಇಲ್ಲಿ ಹಾಕುತ್ತಿಲ್ಲ.

ನಾನು ಒಯ್ದದ್ದು ನಾಲ್ಕು ಇಂಚು ಎತ್ತರ, ಆರು ಇಂಚು ಅಗಲದ ಒಂದು ಕಪ್ಪುಬಿಳುಪು ಫೋಟೋ. 1980ರ ಜನವರಿ 27ರಂದು ದೆಹಲಿಯ ನ್ಯಾಷನಲ್ ಸ್ಟೇಡಿಯಂನಲ್ಲಿ ಮುಹಮ್ಮದ್ ಅಲಿ ಮತ್ತು ನಮ್ಮ ಸೈನ್ಯದ ಕೌರ್ ಸಿಂಗ್ ನಾಲ್ಕು ಸುತ್ತುಗಳ ಬಾಕ್ಸಿಂಗ್ ಪ್ರದರ್ಶನ ಪಂದ್ಯ ಆಡಿದಾಗ, ದೆಹಲಿ ಕಂಟೋನ್ಮೆಂಟಿನಲ್ಲಿ ಕೆಲಸದಲ್ಲಿದ್ದ ನನ್ನ ತಂದೆಯವರೂ ನೋಡಲು ಹೋಗಿದ್ದರು; ಜೊತೆಯಲ್ಲಿದ್ದ ಸ್ನೇಹಿತರೊಬ್ಬರ ಕ್ಯಾಮೆರಾದಲ್ಲಿ ತೆಗೆದ ಚಿತ್ರವಿದು. ದೂರದಿಂದ ತೆಗೆದದ್ದು, ಮಂಜುಮಂಜಾಗಿದೆ, ರಿಂಗಿನ ಹಗ್ಗವೊಂದು ಅಡ್ಡ ಹಾದುಹೋಗಿದೆ. ಬಲಗಡೆ ಅಲಿ, ಎಡಗಡೆ ಸ್ವಲ್ಪ ಬಗ್ಗಿ ನಿಂತ ಕೌರ್ ಸಿಂಗ್. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಅದು ನಾಪೋಕ್ಲು ಕಡೆಯ ನಮ್ಮ ಮನೆಯ ನಡುಮನೆಯಲ್ಲಿ, ಕೋವಿ ತೂಗುಹಾಕುವ ಗೋಡೆಯ ಮೇಲೆಯೇ ಇತ್ತು. ಕೈಲ್‌ಪೊಳ್ದ್ ಎಂಬ ಕೊಡವರ ಆಯುಧಪೂಜೆಯ ಹಬ್ಬದ ದಿನ ಕೋವಿಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸುವಾಗ ಬಂದ ನೆಂಟರ ಕಣ್ಣು ಫೋಟೋದ ಮೇಲೆ ಬೀಳುತ್ತಿತ್ತು. ಅಲಿಯನ್ನು ಎಲ್ಲರೂ ಗುರುತು ಹಿಡಿಯುತ್ತಿದ್ದರು. ‘ಎದುರಿಗಿರುವವರು ಯಾರು?’ ಎಂದು ಕೇಳಿದವರಿಗೆ ಮಾತ್ರ ತಂದೆಯವರು ಕೂರಲು ಹೇಳಿ ಕಾಫಿ ತರಿಸುತ್ತಿದ್ದರು.

ಕಳೆದ ಮಳೆಗಾಲದಲ್ಲಿ ಗೋಡೆಯ ತೇವ ಕಟ್ಟಿನ ಒಳಗೆ ಸೇರಿ ಫೋಟೋಗೆ ಬೂಸ್ಟು ಹಿಡಿಯಿತು. ಹಿಂದಿನ ರಟ್ಟನ್ನು ಗೆದ್ದಲು ಅರ್ಧ ತಿಂದಿತ್ತು. ಕೊಡಗಿನಲ್ಲಿ ಇದು ಹೊಸದೇನಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳಲ್ಲಿ ಉಪ್ಪಿನ ಭರಣಿಯೂ ಮದುವೆಯ ಆಲ್ಬಮ್ಮೂ ಒಂದೇ ರೀತಿ ಒದ್ದೆಯಾಗಿರುತ್ತವೆ.

ಅಂಗಡಿಯ ಹಿರಿಯರ ಕೈಕೆಲಸದ ಬಗ್ಗೆ ಮೊದಲು ಹೇಳುತ್ತೇನೆ, ಏಕೆಂದರೆ ನಾನು ಮತ್ತೆ ಆ ಅಂಗಡಿಗೆ ಹೋಗುವುದಿದ್ದರೆ ಅದಕ್ಕಾಗಿಯೇ. ಅವರು ಕಟ್ಟನ್ನು ಬೋರಲು ಹಾಕಿ, ತುಕ್ಕು ಹಿಡಿದ ಸಣ್ಣ ಮೊಳೆಗಳನ್ನು ಇಕ್ಕಳದಿಂದ ಒಂದೊಂದಾಗಿ ಕಿತ್ತು ತಟ್ಟೆಗೆ ಹಾಕಿದರು. ರಟ್ಟು ತೆಗೆದಾಗ ಫೋಟೋದ ಕೆಳಗಿನ ಎಡಮೂಲೆ ಗಾಜಿಗೆ ಅಂಟಿಕೊಂಡಿತ್ತು. ನಾನು ಉಗುರಿನಿಂದ ಬಿಡಿಸಲು ಕೈ ಚಾಚಿದೆ. ‘ಎಳೆಯಬೇಡಿ ಸಾರ್, ಬಣ್ಣ ಗಾಜಿನ ಮೇಲೇ ಉಳಿದುಬಿಡುತ್ತೆ’ ಎಂದು ತಡೆದು, ಗಾಜನ್ನು ಹಾಗೆಯೇ ಒರೆಸಿ, ಗಾಜಿನ ಸಮೇತ ಸ್ಕ್ಯಾನ್ ಮಾಡಲು ಒಳಗೆ ಕಳುಹಿಸಿದರು. ಆ ಮೂಲೆಯಲ್ಲಿದ್ದದ್ದು ಕೌರ್ ಸಿಂಗರ ಮುಂದಿಟ್ಟ ಕಾಲು. ಅವರು ತಡೆಯದಿದ್ದರೆ ಕೌರ್ ಸಿಂಗ್ ಒಂದೇ ಕಾಲಿನಲ್ಲಿ ನಿಂತು ಅಲಿಯನ್ನು ಎದುರಿಸಬೇಕಾಗುತ್ತಿತ್ತು.

ಫೋಟೋದ ಮೇಲ್ಮೈ ಗಾಜಿಗೆ ತಾಗದಂತೆ ನಡುವೆ ಮೌಂಟ್ ಬೋರ್ಡ್ ಎಂಬ ದಪ್ಪ ರಟ್ಟಿನ ಅಂಚು ಇಟ್ಟೇ ಕಟ್ಟು ಹಾಕಬೇಕೆಂದು ಅವರು ವಿವರಿಸಿದರು. ಹಿಂಬದಿಯ ಅಂಚಿಗೆ ಸುತ್ತಲೂ ಕಂದು ಕಾಗದದ ಟೇಪ್ ಅಂಟಿಸಿ, ಕೆಳಗಿನ ಎರಡು ಮೂಲೆಗಳಿಗೆ ಬೆಂಡಿನ ಚೂರುಗಳನ್ನು ಕೂರಿಸುತ್ತಾರೆ. ಗೋಡೆಗೂ ಕಟ್ಟಿಗೂ ನಡುವೆ ಗಾಳಿಯಾಡಲು ಬೆರಳಗಲ ಜಾಗ ಸಿಗುತ್ತದೆ. ಕಟ್ಟಿನ ಪಟ್ಟಿಗೆ ಸಿಂಥೆಟಿಕ್ ಬೀಡಿಂಗ್ ಅಗ್ಗ, ಅದಕ್ಕೆ ಗೆದ್ದಲೂ ಹಿಡಿಯುವುದಿಲ್ಲ. ನಾನು ತೇಗದ್ದನ್ನೇ ಆರಿಸಿದೆ, ಅದು ಬರೀ ಹಟ. ಒಟ್ಟು ಖರ್ಚು 1,850 ರೂಪಾಯಿಯಾಯಿತು. ಕೆಲಸ ನೋಡಿದರೆ ಹೆಚ್ಚೆನಿಸಲಿಲ್ಲ.

ಅಳತೆಯ ವಿಷಯದಲ್ಲಿ ಗ್ರಾಹಕರು ಎಚ್ಚರದಿಂದಿರಬೇಕು. ಸಿದ್ಧ ಕಟ್ಟುಗಳು ಹೆಚ್ಚಾಗಿ ಸಿಗುವುದು 12 ಇಂಚು ಎತ್ತರ, 16 ಇಂಚು ಅಗಲದಲ್ಲಿ. ನಾಲ್ಕು-ಆರರ ಫೋಟೋವನ್ನು 12 ಇಂಚು ಎತ್ತರಕ್ಕೆ ಹಿಗ್ಗಿಸಿದರೆ ಅಗಲ 18 ಆಗುತ್ತದೆ. 16ರ ಕಟ್ಟಿಗೆ ಹಾಕಲು ಎರಡು ಇಂಚು ಕತ್ತರಿಸಲೇಬೇಕು. ಕಂಪ್ಯೂಟರಿನ ಹುಡುಗ ಆ ಎರಡು ಇಂಚನ್ನೂ ಯೋಚಿಸದೆ ಎಡಗಡೆಯಿಂದಲೇ ಕತ್ತರಿಸಿದ್ದ. ‘ಅಲಿ ಪೂರ್ತಿ ಬಂದಿದ್ದಾರಲ್ಲ ಸಾರ್’ ಎಂಬುದು ಅವನ ಸಮಾಧಾನ. 12-18ಕ್ಕೆ ಬೇರೆಯಾಗಿ ಕಟ್ಟು ಮಾಡಿಕೊಡಲು ಹಿರಿಯರು ಕೂಡಲೇ ಒಪ್ಪಿದ್ದರಿಂದ ಅದು ಅಲ್ಲಿಗೇ ಮುಗಿಯಿತು.

ನನ್ನ ನಿಜವಾದ ದೂರು ಮುಖಗಳದ್ದು. ಹುಡುಗ ಬೂಸ್ಟಿನ ಕಲೆಗಳನ್ನು ಕೈಯಿಂದ ತೆಗೆಯುವ ಬದಲು ಇಡೀ ಫೋಟೋವನ್ನು ಎಐ ತಂತ್ರಾಂಶವೊಂದಕ್ಕೆ ಕೊಟ್ಟು, ನಿಮಿಷದೊಳಗೆ ಹೊರಬಂದದ್ದನ್ನು ಪರದೆಯ ಮೇಲೆ ಹೆಮ್ಮೆಯಿಂದ ತೋರಿಸಿದ. ಬಲಗಡೆ ಅಲಿಯವರು ಅಲಿಯಂತೆಯೇ ಇದ್ದರು, ಮೂಲ ಫೋಟೋದಲ್ಲಿಲ್ಲದ ರೆಪ್ಪೆಗಳೂ ಮೂಡಿದ್ದವು. ಎಡಗಡೆ ನಿಂತಿದ್ದವನು ಯಾರೋ ನುಣುಪು ಕೆನ್ನೆಯ, ಜಾಹೀರಾತಿನಲ್ಲಿ ಶೇವಿಂಗ್ ಕ್ರೀಮ್ ಹಿಡಿದು ನಗುವ ತರುಣ. ಜಗತ್ತಿನಲ್ಲಿ ಲಕ್ಷಗಟ್ಟಲೆ ಫೋಟೋ ಇರುವ ಮನುಷ್ಯನ ಮುಖವನ್ನು ಯಂತ್ರ ನೆನಪಿನಿಂದ ತುಂಬಿತ್ತು. ಬೆರಳೆಣಿಕೆಯಷ್ಟು ಫೋಟೋ ಇರುವವನಿಗೆ ಯಾರದೋ ಮುಖ ಅಂಟಿಸಿತ್ತು ಎಂದೇ ನನ್ನ ಊಹೆ. ‘ಇವರು ಯಾರು?’ ಎಂದು ಕೇಳಿದೆ. ‘ನೀವೇ ಹೇಳಬೇಕು ಸಾರ್, ನಿಮ್ಮ ತಂದೆಯವರಾ?’ ಎಂದ. ಹುಡುಗನ ತಪ್ಪೇನಿಲ್ಲ ಎನಿಸಿ, ತಂದೆಯವರಂತೆ ನಾನೂ ಸ್ಟೂಲ್ ಎಳೆದುಕೊಂಡು ಕುಳಿತೆ.

ಪಂಜಾಬಿನ ಸಂಗರೂರು ಜಿಲ್ಲೆಯ ಖನಾಲ್ ಖುರ್ದ್ ಎಂಬ ಹಳ್ಳಿಯ ರೈತ ಮನೆತನದ ಕೌರ್ ಸಿಂಗ್ ಸೈನ್ಯಕ್ಕೆ ಸೇರಿ, ಬಾಕ್ಸರುಗಳು ಸಾಮಾನ್ಯವಾಗಿ ಆರಂಭಿಸುವ ವಯಸ್ಸು ದಾಟಿದ ಮೇಲೆ ಕೈಗೆ ಗ್ಲೌಸ್ ಹಾಕಿದವರು. ಅಲಿಯ ಎದುರು ನಿಂತ ಅದೇ 1980ರಲ್ಲಿ ಮುಂಬಯಿಯ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಹೆವಿವೇಟ್ ಚಿನ್ನ ಗೆದ್ದರು. 1982ರ ದೆಹಲಿ ಏಷ್ಯಾಡ್‌ನಲ್ಲಿ ಮತ್ತೆ ಚಿನ್ನ. ಅದೇ ವರ್ಷದ ಅರ್ಜುನ ಪ್ರಶಸ್ತಿ, 1983ರಲ್ಲಿ ಪದ್ಮಶ್ರೀ, 1984ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್. ಅವರಿಗಿಂತ ಮೊದಲು 1966 ಮತ್ತು 1970ರ ಬ್ಯಾಂಕಾಕ್ ಏಷ್ಯಾಡ್‌ಗಳೆರಡರಲ್ಲೂ ಹೆವಿವೇಟ್ ಚಿನ್ನ ಗೆದ್ದ ಹವಾ ಸಿಂಗ್ ಕೂಡ ಸೈನಿಕರೇ. ನಮ್ಮ ಕೊಡಗಿನವರೇ ಆದ, ಕಡಿಮೆ ತೂಕದ ವಿಭಾಗದಲ್ಲಿ ಆಡಿ ಅರ್ಜುನ ಪ್ರಶಸ್ತಿ ಪಡೆದ ಸಿ. ಸಿ. ಮಾಚಯ್ಯನವರ ಹೆಸರನ್ನು ಹುಡುಗ ಕೇಳಿದ್ದ, ಅಷ್ಟಕ್ಕೇ ನನಗೆ ಸಂತೋಷವಾಯಿತು.

ದೆಹಲಿಯಲ್ಲಿ ಆಡಿದ ದಿನ ಅಲಿಗೆ 38 ತುಂಬಿ ಹತ್ತು ದಿನವಾಗಿತ್ತು, ಹಿಂದಿನ ವರ್ಷವೇ ನಿವೃತ್ತಿ ಘೋಷಿಸಿದ್ದರು. ಆ ಭಾರತ ಪ್ರವಾಸದಲ್ಲಿದ್ದಾಗಲೇ ಮಾಸ್ಕೋ ಒಲಿಂಪಿಕ್ಸ್ ಬಹಿಷ್ಕಾರಕ್ಕೆ ಬೆಂಬಲ ಕೇಳಲು ಆಫ್ರಿಕಾಕ್ಕೆ ಹೋಗಬೇಕೆಂದು ಅಮೆರಿಕದ ಅಧ್ಯಕ್ಷ ಕಾರ್ಟರ್ ಅವರಿಂದ ಕೋರಿಕೆ ಬಂತು. ಇಲ್ಲಿಂದಲೇ ಆ ಕಡೆ ಹೊರಟರು. ಚರಿತ್ರೆಯ ಪುಸ್ತಕಗಳಲ್ಲಿ ಆ ಪ್ರವಾಸ ಬರುವುದು ಈ ಕಾರಣಕ್ಕೆ. ನಾಲ್ಕು ಸುತ್ತು ಎದುರು ನಿಂತವರಿಗೆ ಅಲ್ಲಿ ಸಾಲು ಸಿಗುವುದು ಅಪರೂಪ. ಪ್ರದರ್ಶನ ಪಂದ್ಯವಾದ್ದರಿಂದ ಗೆಲುವು ಸೋಲಿನ ಮಾತಿರಲಿಲ್ಲ, ಅಲಿ ಅರ್ಧ ಆಟವಾಡಿ ಅರ್ಧ ನಗಿಸುತ್ತಿದ್ದರು ಎಂದು ತಂದೆಯವರು ಹೇಳುತ್ತಿದ್ದರು. ಆದರೆ ಎದುರಿಗಿದ್ದವರು ಮಾತ್ರ ಒಂದು ಸಲವೂ ನಗದೆ, ನಿಜವಾದ ಪಂದ್ಯದಂತೆಯೇ ಕೈ ಮುಂದಿಟ್ಟು ಆಡಿದರು ಎಂಬುದನ್ನು ಪ್ರತಿ ಬಾರಿಯೂ ಸೇರಿಸುತ್ತಿದ್ದರು. ಯಂತ್ರ ಅಂಟಿಸಿದ ಮುಖ ನಗುತ್ತಿತ್ತು. ನನಗೆ ಸಿಟ್ಟು ಬಂದದ್ದು ಅದಕ್ಕೆ.

ಮುಂದಿನ ಕತೆಯನ್ನು ಹುಡುಗನಿಗೆ ಚುಟುಕಾಗಿಯೇ ಹೇಳಿದೆ. ನಿವೃತ್ತಿಯ ನಂತರ ಕೌರ್ ಸಿಂಗ್ ಊರಿಗೆ ಮರಳಿ ಬೇಸಾಯ ಮಾಡಿಕೊಂಡಿದ್ದರು. ಹೃದಯದ ಚಿಕಿತ್ಸೆಗಾಗಿ ಸಾಲ ಮಾಡಿದ್ದಾರೆಂದು 2017ರಲ್ಲಿ ಪತ್ರಿಕೆಗಳಲ್ಲಿ ಬಂದಾಗಲೇ ಅನೇಕರಿಗೆ ಅವರು ಬದುಕಿದ್ದಾರೆಂಬುದು ತಿಳಿದದ್ದು. ಆಗ ಸೈನ್ಯ ನೆರವಿಗೆ ಬಂತು. 2023ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅದೇ ವರ್ಷ ಪಂಜಾಬಿನ ಶಾಲಾ ಪಠ್ಯದಲ್ಲಿ ಅವರ ಬಗ್ಗೆ ಪಾಠ ಸೇರಿಸಿದ ಸುದ್ದಿಯೂ ಬಂತು. ತಂದೆಯವರು ಇದ್ದಿದ್ದರೆ ಆ ಪತ್ರಿಕೆಯ ತುಂಡನ್ನೂ ಇದೇ ಅಂಗಡಿಗೆ ತರುತ್ತಿದ್ದರು.

ಹುಡುಗ ಫೈಲನ್ನು ಅಳಿಸಿ ಮೊದಲಿನಿಂದ ಶುರುಮಾಡಿದ. ಮುಖಗಳನ್ನು ಮುಟ್ಟದೆ, ಬೂಸ್ಟಿನ ಚುಕ್ಕೆಗಳನ್ನು ಮಾತ್ರ ಮೌಸ್ ಹಿಡಿದು ಒಂದೊಂದಾಗಿ ಒರೆಸಲು ಅವನಿಗೆ ಎರಡು ದಿನ ಹಿಡಿಯಿತು. ಅದಕ್ಕೆ ಹೆಚ್ಚಿನ ಹಣ ಕೇಳಲಿಲ್ಲ. ಮಂಜಾದ ಮುಖ ಮಂಜಾಗಿಯೇ ಉಳಿದಿದೆ, ಆದರೆ ಅದು ಅವರದೇ ಮುಖ. ಹಳೆಯ ಫೋಟೋ ಕೊಡುವವರು ಯಂತ್ರದಿಂದ ಮುಖ ತಿದ್ದಬಾರದೆಂದು ರಸೀದಿಯ ಮೇಲೆ ಬರೆಸಿಕೊಳ್ಳುವುದು ಒಳ್ಳೆಯದು, ಮುಖ್ಯವಾಗಿ ತೀರಿಹೋದ ಹಿರಿಯರ ಫೋಟೋಗಳ ವಿಷಯದಲ್ಲಿ. ಮೂಲ ಫೋಟೋವನ್ನು ಗಾಜಿನ ಸಮೇತ ಕಾಗದ ಸುತ್ತಿ ಕೇಳದೆಯೇ ಹಿಂತಿರುಗಿಸಿದ್ದನ್ನೂ ಹೇಳಬೇಕು. ಎಷ್ಟೋ ಕಡೆ ಅದು ಕಸದ ಬುಟ್ಟಿ ಸೇರಿರುತ್ತದೆ. ಸಮಯ ಪಾಲನೆಗೆ ಮಾತ್ರ ನಾನು ಅಂಕ ಕೊಡಲಾರೆ. ನಾಲ್ಕು ದಿನ ಎಂದದ್ದು ಹದಿಮೂರು ದಿನವಾಯಿತು, ಫೋನ್ ಮಾಡಿದಾಗಲೆಲ್ಲ ಕರೆಂಟ್ ಇಲ್ಲ ಎಂಬ ಒಂದೇ ಉತ್ತರ.

ಕಟ್ಟಿನ ಕೆಳಗೆ ಹಿತ್ತಾಳೆಯ ಪಟ್ಟಿಯಲ್ಲಿ ಹೆಸರು ಕೆತ್ತಿಸಿಕೊಡುತ್ತೇವೆ ಎಂದರು. ಯಾರ ಹೆಸರು ಮೊದಲು ಎಂದು ಹಿರಿಯರು ಕೇಳಿದಾಗ, ಎಡಗಡೆ ನಿಂತಿರುವವರದ್ದು ಎಂದೆ. ಪಟ್ಟಿ ಬಂದಾಗ ನೋಡಿದರೆ ‘ಕವರ್ ಸಿಂಗ್, ಮುಹಮ್ಮದ್ ಅಲಿ’ ಎಂದಿತ್ತು. ಅಲಿಯ ಹೆಸರಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಪಟ್ಟಿಯನ್ನು ಬಿಚ್ಚಿಸಿ ಅಲ್ಲೇ ಬಿಟ್ಟು ಬಂದಿದ್ದೇನೆ. ತಿದ್ದಿದ್ದನ್ನು ಶುಕ್ರವಾರ ಸಂತೆಗೆ ಹೋದಾಗ ತರಬೇಕು.