4,800 ಕಿಲೋಮೀಟರ್ ಆದ ಮೇಲೆ: ಮನೆಯ ರೋಯಿಂಗ್ ಮಷೀನು, ಅದರ ಸೀಟು, ಒಂದು ಕಂಬಳಿ ತುಂಡು

ರೋಯಿಂಗ್ ಮಷೀನು ಅಂದರೆ ದೋಣಿಗೆ ಹುಟ್ಟು ಹಾಕಿದ ಹಾಗೆ ಕೂತು ಎಳೆಯುವ ವ್ಯಾಯಾಮದ ಮಷೀನು. ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಅದರ ಸೀಟಿನ ಬಗ್ಗೆಯೇ ಇದೆ. ಮಷೀನಿನ ತೂಕ, ಉದ್ದ, ಎಷ್ಟು ಕಿಲೋ ತಡೆಯುತ್ತದೆ ಅನ್ನುವುದನ್ನೆಲ್ಲ ಮಾರುವವರೇ ಬರೆದಿರುತ್ತಾರೆ. ಮೂರು ವರ್ಷ ದಿನಾ ಅದರ ಮೇಲೆ ಕೂತರೆ ಏನಾಗುತ್ತದೆ ಅಂತ ಯಾರೂ ಬರೆದಿರಲಿಲ್ಲ. ಕೊಳ್ಳುವ ಮುಂಚೆ ನಾನು ಹುಡುಕಿದ್ದು ಅದನ್ನೇ.

ನಾನಿರುವುದು ಧಾರವಾಡದಲ್ಲಿ. ಕೆಲಸ ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲಿ, ಹತ್ತಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುವುದು. ಬೆಳಿಗ್ಗೆ ಚಿಗರಿ ಬಸ್ಸು, ಹಗಲೆಲ್ಲ ಕುರ್ಚಿ, ಸಂಜೆ ಮತ್ತೆ ಚಿಗರಿ. ನಲವತ್ತೆರಡಕ್ಕೆ ಸೊಂಟ ಹಿಡಿಯಿತು. ಕೆಲಗೇರಿ ಕೆರೆಯ ಕಡೆ ವಾಕಿಂಗ್ ಶುರು ಮಾಡಿದೆ. ಆದರೆ ಧಾರವಾಡದ ಮಳೆ ಗೊತ್ತಲ್ವಾ, ಹಿಡಿಯಿತೆಂದರೆ ದಿನಗಟ್ಟಲೆ ಜಿಟಿಜಿಟಿ. ಮನೆಯೊಳಗೇ ಏನಾದರೂ ಬೇಕಿತ್ತು.

ಆಗ ಹುಬ್ಬಳ್ಳಿಯಲ್ಲಿ ಒಂದು ಜಿಮ್ ಮುಚ್ಚಿತು. ಲಾಕ್‌ಡೌನ್ ಹೊಡೆತದಿಂದ ಅವರು ಮೇಲೇಳಲೇ ಇಲ್ಲ. 2022ರ ಫೆಬ್ರವರಿಯಲ್ಲಿ ಅವರು ಸಾಮಾನು ಮಾರುವಾಗ ಈ ಮಷೀನು 32,000ಕ್ಕೆ ಸಿಕ್ಕಿತು. ಭಿಶಿ, ಅಂದರೆ ಚೀಟಿ, ಎತ್ತಿದ ದುಡ್ಡು. ಹೊಸದು ಕೊಳ್ಳುವ ಶಕ್ತಿ ನನಗಿರಲಿಲ್ಲ, ಈಗಲೂ ಇಲ್ಲ. ಹಾಗಾಗಿ ನಾನು ಹೇಳುವ ಒಳ್ಳೆಯದು ಕೆಟ್ಟದ್ದು ಎಲ್ಲವನ್ನೂ 32,000ದ ಲೆಕ್ಕದಲ್ಲೇ ನೋಡಿ.

ಇದು ಗಾಳಿ ಮಷೀನು. ಮುಂದೆ ಜಾಳಿಗೆಯೊಳಗೆ ಒಂದು ಚಕ್ರ. ಅದಕ್ಕೆ ಫ್ಯಾನಿನ ಹಾಗೆ ರೆಕ್ಕೆ. ಚೈನು ಎಳೆದರೆ ಚಕ್ರ ತಿರುಗುತ್ತದೆ, ರೆಕ್ಕೆಗಳು ಗಾಳಿಯನ್ನು ತಳ್ಳುತ್ತವೆ, ಆ ಗಾಳಿಯೇ ನಮಗೆ ಎದುರಾಗುತ್ತದೆ. ಜೋರಾಗಿ ಎಳೆದಷ್ಟೂ ಅದು ಜೋರಾಗಿ ತಡೆಯುತ್ತದೆ. ಕರೆಂಟ್ ಬೇಕಿಲ್ಲ. ಮಾನಿಟರಿಗೆ ಟಾರ್ಚಿನ ದಪ್ಪ ಸೆಲ್ಲು ಎರಡು ಹಾಕಿದರೆ ತಿಂಗಳುಗಟ್ಟಲೆ ಬರುತ್ತವೆ. ಬೆಳಿಗ್ಗೆ ಐದಕ್ಕೆ ಕರೆಂಟ್ ಹೋಗಿದ್ದರೂ ನನ್ನ ಕೆಲಸ ನಿಂತಿದ್ದಿಲ್ಲ. ಕತ್ತಲೆಯಲ್ಲಿ ಆ ಗಾಳಿಯ ಸದ್ದು, ಒಮ್ಮೆ ಏರಿ ಒಮ್ಮೆ ಇಳಿಯುವುದು, ಕೇಳುತ್ತ ಕೂರುವುದೇ ಒಂದು ಸುಖ.

ಶುರುವಿನಲ್ಲಿ ಎರಡು ತಪ್ಪು ಮಾಡಿದೆ, ಬಹಳ ಜನ ಮಾಡುತ್ತಾರೆ. ಚಕ್ರದ ಪಕ್ಕದಲ್ಲಿ ಒಳಗೆ ಹೋಗುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಡ್ಯಾಂಪರ್ ಹಿಡಿಕೆಯನ್ನು 10ಕ್ಕೆ ಇಟ್ಟೆ, ಭಾರ ಇದ್ದರೆ ಲಾಭ ಜಾಸ್ತಿ ಅಂತ. ಸೊಂಟ ಇನ್ನಷ್ಟು ಹಿಡಿಯಿತು. 4ಕ್ಕೆ ಇಳಿಸಿದ ಮೇಲೆ ಸರಿಹೋಯಿತು. ಎರಡನೆಯದು, ಕೈಯಿಂದ ಎಳೆಯುತ್ತಿದ್ದೆ. ಹುಟ್ಟು ಹಾಕುವುದು ಕೈ ಕೆಲಸ ಅಲ್ಲ, ಕಾಲಿನ ಕೆಲಸ. ಮೊದಲು ಕಾಲು ಒದೆಯಬೇಕು, ಆಮೇಲೆ ಬೆನ್ನು ಹಿಂದೆ ಬರಬೇಕು, ಕೊನೆಗೆ ಕೈ. ವಾಪಸ್ ಹೋಗುವಾಗ ಇದೇ ಉಲ್ಟಾ. ಇದು ಮೈಗೆ ಹತ್ತಲು ನನಗೆ ಎರಡು ತಿಂಗಳು ಬೇಕಾಯಿತು.

ಬೆಳಗಿನ ಕ್ರಮ ಹೀಗೆ. ಐದಕ್ಕೆ ಏಳುವುದು. ಹಳೆಯ ಧೋತರದ ತುಂಡಿನಿಂದ ಸೀಟು ಓಡುವ ಹಳಿಯನ್ನು ಒರೆಸುವುದು. ಒಂದು ದಿನ ಬಿಟ್ಟರೂ ಕಪ್ಪು ಕಸ ಕೂರುತ್ತದೆ, ಸೀಟು ಗಡಗಡ ಅನ್ನುತ್ತದೆ. ಪಾದದ ಪಟ್ಟಿ ಬಿಗಿ ಮಾಡುವುದು. ಅಷ್ಟರಲ್ಲಿ ಅತ್ತಿ ಅದೇ ಹಾಲಿನ ಮೂಲೆಯಲ್ಲಿ ಜಪಮಾಲೆ ಹಿಡಿದು ಕೂತಿರುತ್ತಾರೆ. ನಾನು 6 ಕಿಲೋಮೀಟರ್ ಎಳೆಯುತ್ತೇನೆ, ಸುಮಾರು 32 ನಿಮಿಷ. ಮುಗಿದ ಮೇಲೆ ಕಿರ್ದಿ ಪುಸ್ತಕ ತೆಗೆದು ಬರೆಯುವುದು. ಅಂಗಡಿಯಲ್ಲಿ ಬರೆಯುವಂಥದೇ ಕೆಂಪು ಬಟ್ಟೆ ಕಟ್ಟಿನ ಕಿರ್ದಿ. ಜಮಾ ಕಡೆ ಅಂದಿನ ಮೀಟರು, ಕೊನೆಯಲ್ಲಿ ಬಾಕಿ.

ಯಾವುದರ ಬಾಕಿ ಅಂತ ಹೇಳಬೇಕಲ್ಲ. ಮಷೀನು ತಂದ ವಾರದಲ್ಲೇ ಅಟ್ಲಾಂಟಿಕ್ ಸಾಗರವನ್ನು ಹುಟ್ಟು ಹಾಕಿ ದಾಟುವವರ ಬಗ್ಗೆ ಓದಿದ್ದೆ. ಕ್ಯಾನರಿ ದ್ವೀಪಗಳ ಲಾ ಗೊಮೇರಾದಿಂದ ಹೊರಟು ಕೆರಿಬಿಯನ್‌ನ ಆಂಟಿಗಾ ಮುಟ್ಟುತ್ತಾರೆ. ಸುಮಾರು 3,000 ಮೈಲಿ, ಅಂದರೆ 4,800 ಕಿಲೋಮೀಟರ್. ಕಿರ್ದಿಯ ಮೊದಲ ಪುಟದಲ್ಲಿ ಬಾಕಿ 4,800 ಅಂತ ಬರೆದೆ. ನನ್ನ ಹಾಲಿನಲ್ಲಿ ಅಲೆ ಇಲ್ಲ, ಬಿರುಗಾಳಿ ಇಲ್ಲ, ಅದು ಗೊತ್ತು. ಆದರೆ ಆ ಅಂಕಿ ಎದುರಿಗಿದ್ದರೆ ಏಳುವ ಮನಸ್ಸಾಗುತ್ತಿತ್ತು.

ಎರಡೂವರೆ ವರ್ಷ ದೂರುವಂಥದ್ದು ಏನೂ ಆಗಲಿಲ್ಲ. ಸೊಂಟ ನೋವು ಮೊದಲ ವರ್ಷದಲ್ಲೇ ಹೋಯಿತು. ಕೈಪಿಡಿ ಹೇಳಿದಂತೆ 50 ಗಂಟೆಗೊಮ್ಮೆ ಚೈನಿಗೆ ಎಣ್ಣೆ ಹಚ್ಚುತ್ತಿದ್ದೆ, ಅಷ್ಟೇ ಖರ್ಚು. ಆಗ ಯಾರಾದರೂ ಕೇಳಿದ್ದರೆ ಕಣ್ಣುಮುಚ್ಚಿ ತಗೊಳ್ಳಿ ಅನ್ನುತ್ತಿದ್ದೆ.

2024ರ ಮಳೆಗಾಲದಲ್ಲಿ, 3,900 ದಾಟಿದ ಮೇಲೆ, ಸೀಟು ಕೈಕೊಟ್ಟಿತು. ಮೊದಲು ಕೆಳಗಿನ ಗಾಲಿಗಳು ಟಕ್ ಟಕ್ ಅನ್ನತೊಡಗಿದವು. ಆಮೇಲೆ ಸೀಟಿನ ಫೋಮ್ ಕುಸಿದು ಕೆಳಗಿನ ಗಟ್ಟಿ ಪ್ಲಾಸ್ಟಿಕ್ ಎಲುಬಿಗೆ ತಾಗತೊಡಗಿತು. ಕಂಪನಿಗೆ ಫೋನ್ ಮಾಡಿದೆ. ಮೂರು ವಾರ ಮಾಡಿದೆ. ಒಬ್ಬರು ಸ್ಟಾಕ್ ಇಲ್ಲ ಅಂದರು, ಇನ್ನೊಬ್ಬರು ಬಿಲ್ ಕೇಳಿದರು, ಮತ್ತೊಬ್ಬರು ಈ ಮಾಡೆಲ್ಲಿಗೆ ಸೀಟು ಬಿಡಿಯಾಗಿ ಬರುವುದಿಲ್ಲ ಅಂದರು. ಇಷ್ಟು ಗಟ್ಟಿಯಾಗಿ ಕಬ್ಬಿಣ ಕೂರಿಸಿದವರು ಮನುಷ್ಯ ಕೂರುವ ಜಾಗಕ್ಕೆ ಎರಡು ಬೆರಳು ಒಳ್ಳೆಯ ಫೋಮ್ ಹಾಕಬಾರದಿತ್ತೇ? ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಗಾಲಿಯ ಗೋಳು ಗೋಕುಲ ರಸ್ತೆಯಲ್ಲಿ ತೀರಿತು. ಕೈಗಾರಿಕಾ ಪ್ರದೇಶದ ಒಂದು ಬೇರಿಂಗ್ ಅಂಗಡಿಗೆ ಸೀಟನ್ನೇ ಚೀಲದಲ್ಲಿ ಹಾಕಿಕೊಂಡು ಹೋದೆ. ಅಂಗಡಿಯವರು ಗಾಲಿ ಬಿಚ್ಚಿ, ಬೇರಿಂಗನ್ನು ಕಿರುಬೆರಳಿಗೆ ಸಿಕ್ಕಿಸಿ ತಿರುಗಿಸಿ, ‘ಅಕ್ಕಾರ, ಇದು 608 ನಂಬರ್ ಐತ್ರಿ. ಹುಡುಗರ ಸ್ಕೇಟಿಂಗ್ ಗಾಲಿಗೂ ಇದನ್ನ ಹಾಕ್ತಾರ್ರೀ’ ಅಂದರು. ಎಲ್ಲ ಸೇರಿ ಮುನ್ನೂರು ರೂಪಾಯಿಯೂ ಆಗಲಿಲ್ಲ. ಇಂಥ ಮಷೀನು ಇದ್ದವರು ಇದೊಂದನ್ನು ಬರೆದಿಟ್ಟುಕೊಳ್ಳಿ. ಬೇರಿಂಗ್ ಹೋದರೆ ಕಂಪನಿಯನ್ನು ಕಾಯುತ್ತ ಕೂರಬೇಡಿ.

ಆದರೆ ಫೋಮ್ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಆನ್‌ಲೈನ್‌ನಲ್ಲಿ ಜೆಲ್ ದಿಂಬು ತರಿಸಿದೆ, ಒದ್ದಾಗಲೆಲ್ಲ ಜಾರುತ್ತಿತ್ತು. ಮನೆಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಕಿದೆ. ಮೊದಲ ಹತ್ತು ನಿಮಿಷ ಸ್ವರ್ಗ. ಆಮೇಲೆ ಬೆವರು ಹೀರಿ ಒದ್ದೆಯಾಗಿ ಒಂದೊಂದು ಹೊಲಿಗೆಯೂ ಚರ್ಮಕ್ಕೆ ಒತ್ತುತ್ತಿತ್ತು. ದಿನಾ ಒಗೆಯೋಣ ಅಂದರೆ ನಮ್ಮ ಓಣಿಗೆ ನಳ ಬರುವುದು ಐದಾರು ದಿನಕ್ಕೊಮ್ಮೆ. ಬೆವರು ಒಣಗಿದ ಬಟ್ಟೆ ಉಪ್ಪಿನ ಕಾಗದದ ಹಾಗೆ ಉಜ್ಜುತ್ತದೆ. ಕೂರುವ ಕಡೆ ಗುಳ್ಳೆ ಎದ್ದವು, ಒಡೆದವು, ಮತ್ತೆ ಎದ್ದವು. ಚಿಗರಿಯಲ್ಲಿ ಸೀಟು ಖಾಲಿ ಇದ್ದರೂ ನಿಂತೇ ಹೋಗುತ್ತಿದ್ದೆ.

2024ರ ಡಿಸೆಂಬರ್ ಬಂದಾಗ ಕಿರ್ದಿಯಲ್ಲಿ ಬಾಕಿ 410. ಅದೇ ತಿಂಗಳು ಲಾ ಗೊಮೇರಾದಿಂದ ಅನನ್ಯಾ ಪ್ರಸಾದ್ ಒಬ್ಬರೇ ಹುಟ್ಟು ಹಾಕಿ ಸಾಗರ ದಾಟಲು ಹೊರಟಿದ್ದರು. ಬೆಂಗಳೂರಿನ ಮೂಲದವರು, ಇಂಗ್ಲೆಂಡಿನಲ್ಲಿರುವವರು, ರಾಷ್ಟ್ರಕವಿ ಜಿ.ಎಸ್. ಶಿವರುದ್ರಪ್ಪನವರ ಮೊಮ್ಮಗಳು. ಚಾಮರಾಜನಗರದ ದೀನಬಂಧು ಸಂಸ್ಥೆಗೂ ಹಣ ಕೂಡಿಸಲು ಹೊರಟವರು. ಅವರ ಸುದ್ದಿ ಎಲ್ಲಿ ಬಂದರೂ ಓದುತ್ತಿದ್ದೆ. ಜೊತೆಗೆ ಅವರಿಗಿಂತ ಮುಂಚೆ ದಾಟಿದವರದ್ದೂ ಹುಡುಕಿ ಓದಿದೆ. 2006ರಲ್ಲಿ ಇಂಗ್ಲೆಂಡಿನ ರೋಜ್ ಸ್ಯಾವೇಜ್ ಒಬ್ಬರೇ ಇದೇ ಸಾಗರ ದಾಟಿ ಮುಗಿಸುವ ಹೊತ್ತಿಗೆ 103 ದಿನ ಆಗಿತ್ತು, ಒಯ್ದಿದ್ದ ನಾಲ್ಕೂ ಹುಟ್ಟು ಮುರಿದಿದ್ದವು. ಕಟ್ಟಿ, ಸುತ್ತಿ, ರಿಪೇರಿ ಮಾಡಿಕೊಂಡು ದಡ ಮುಟ್ಟಿದರು.

ಈ ಓದಿನಲ್ಲಿ ನನಗೆ ಬೇಕಾದದ್ದು ಸಿಕ್ಕಿತು. ದೋಣಿಯವರಿಗೂ ಕಡೆಯ ವಾರಗಳಲ್ಲಿ ಜೀವ ಹಿಂಡುವುದು ಅಲೆಗಿಂತ ಇಂಥವೇ. ತಂಡದಲ್ಲಿ ಹೋದವರು ಎರಡು ತಾಸು ಹುಟ್ಟು, ಎರಡು ತಾಸು ನಿದ್ದೆ ಅಂತ ಹಗಲು ರಾತ್ರಿ ಸರದಿ ಮಾಡುತ್ತಾರೆ, ಆ ನಿದ್ದೆಯ ಸಾಲ ಕೊನೆಗೆ ಒಟ್ಟಿಗೇ ತಲೆ ಮೇಲೆ ಬರುತ್ತದೆ. ಬೆರಳುಗಳು ಹುಟ್ಟು ಹಿಡಿದ ಆಕಾರದಲ್ಲೇ ನಿಂತುಬಿಡುತ್ತವೆ, ಎದ್ದ ಕೂಡಲೇ ಬಿಚ್ಚಲು ಬರುವುದಿಲ್ಲ. ಬಿಸಿನೀರು ಹಾಕಿ ನೆನೆಸುವ ಪ್ಯಾಕೆಟ್ ಊಟ ಗಂಟಲಲ್ಲಿ ಇಳಿಯುವುದಿಲ್ಲ. ಉಪ್ಪುನೀರು ಒಣಗಿ, ಹರಳು ಚರ್ಮಕ್ಕೆ ಉಜ್ಜಿ ಕೂರುವ ಜಾಗ ಹುಣ್ಣಾಗುತ್ತದೆ. ಅದಕ್ಕೆ ಅವರು ಸೀಟಿನ ಮೇಲೆ ಕುರಿಯ ತುಪ್ಪಳದ ಚರ್ಮ ಹಾಸಿಕೊಳ್ಳುತ್ತಾರೆ.

ಕುರಿ ಅಂದದ್ದೇ ತಡ, ಅತ್ತಿಯ ಟ್ರಂಕು ನೆನಪಾಯಿತು. ಅವರ ತವರು ರಾಣೆಬೆನ್ನೂರು ತಾಲ್ಲೂಕು, ಮೆಡ್ಲೇರಿ ಕಡೆ. ಅಲ್ಲಿಯ ಕಂಬಳಿ ಅಂದರೆ ನಮ್ಮ ಸುತ್ತಿನವರಿಗೆ ಬೇರೆ ಹೇಳಬೇಕಿಲ್ಲ. ಟ್ರಂಕಿನ ತಳದಲ್ಲಿ ಗದ್ದಿಗೆಗೆ ಹಾಸುವ ಒಂದು ಕರಿಕಂಬಳಿ ತುಂಡು ಇತ್ತು. ಕೇಳಲು ಬಾಯಿ ಬರಲಿಲ್ಲ. ಪೂಜೆಗೆ ಹಾಸುವುದು, ನಾನು ಬೆವರು ಸುರಿಸಿಕೊಂಡು ಅದರ ಮೇಲೆ ಕೂರುವುದು ಹೇಗೆ? ಅವರೇ ತೆಗೆದು ಜಾಡಿಸಿ ಸೀಟಿನ ಮೇಲೆ ಇಟ್ಟರು. ‘ಕಂಬಳಿಗೆ ಮೈಲಿಗಿ ಇಲ್ಲ ಯವ್ವಾ, ಕುಂದ್ರು’ ಅಂದರು.

ಮೊದಲ ಎರಡು ದಿನ ಚುಚ್ಚಿತು. ನಮ್ಮ ಕಡೆಯ ಕುರಿಯ ಉಣ್ಣೆ ಒರಟು. ಮೂರನೆಯ ದಿನದಿಂದ ಚುಚ್ಚುವುದು ಗೊತ್ತಾಗಲಿಲ್ಲ. ಬೆವರು ಅದರಲ್ಲಿ ನಿಲ್ಲುವುದಿಲ್ಲ, ಮೈಗೆ ಅಂಟುವುದಿಲ್ಲ. ಒರಟಾದ್ದರಿಂದಲೇ ಸೀಟಿನ ಮೇಲೆ ಜಾರುವುದಿಲ್ಲ. ದಿನಾ ಒಗೆಯುವುದು ಬೇಡ, ಬಿಸಿಲಿಗೆ ಹಾಕಿ ಕೋಲಿನಿಂದ ಎರಡು ಬಡಿದರೆ ಆಯಿತು, ವಾಸನೆ ಇಲ್ಲ. ಹತ್ತು ದಿನದಲ್ಲಿ ಗುಳ್ಳೆ ಒಣಗಿದವು. ಚಿಗರಿಯಲ್ಲಿ ಕೂತು ಹೋದ ಮೊದಲ ದಿನ ನವನಗರ ಬಂದದ್ದೇ ತಿಳಿಯಲಿಲ್ಲ, ನಿದ್ದೆ ಹತ್ತಿಬಿಟ್ಟಿತ್ತು.

2025ರ ಜನವರಿ 31ಕ್ಕೆ ಅನನ್ಯಾ ಆಂಟಿಗಾ ಮುಟ್ಟಿದರು. 52 ದಿನ. ಲೆಕ್ಕ ಹಾಕಿದೆ, ದಿನಕ್ಕೆ ಸರಾಸರಿ 92 ಕಿಲೋಮೀಟರ್. ಅಷ್ಟು ದಿನಗಳಲ್ಲಿ ನಾನು ಎಳೆದದ್ದು 220. ಬಾಕಿ 190. ಅವರ ಫೋಟೋ ನೋಡಿ ಅಡುಗೆ ಮನೆಯಲ್ಲಿ ನಿಂತು ಅತ್ತೆ. ಖುಷಿಗೇ ಅತ್ತದ್ದು.

ಆ 190 ಎಳೆಯುವುದು ಮಾತ್ರ ಹೇಳತೀರದು. ಗುಳ್ಳೆ ಇಲ್ಲ, ಗಾಲಿ ಸರಿ ಇದೆ, ಮಷೀನಿನಲ್ಲಿ ಏನೂ ಕೊರತೆ ಇಲ್ಲ. ಆದರೂ ಮೈ ಬಾರದು. ಬಾಕಿ ಸಾವಿರ ಇದ್ದಾಗ ಅಂಕಿ ಕಡೆ ನೋಡುತ್ತಿರಲಿಲ್ಲ, ನೂರಕ್ಕೆ ಬಂದ ಮೇಲೆ ಬರೀ ಅದನ್ನೇ ನೋಡುತ್ತಿದ್ದೆ. ಮಾನಿಟರಿನಲ್ಲಿ ಒಂದೊಂದು ಮೀಟರೂ ಒಂದು ಯುಗ. ಒಂದು ದಿನ 2 ಕಿಲೋಮೀಟರಿಗೇ ನಿಲ್ಲಿಸಿ ಕಾಲು ಬಿಚ್ಚಿದೆ. ಕಿರ್ದಿಯಲ್ಲಿ 2,000 ಅಂತ ಬರೆಯುವಾಗ ಕೈ ನಡುಗಿತು. ಮಾರ್ಚ್ ತಿಂಗಳು, ಅಂಗಡಿಯಲ್ಲಿ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ ಬೇರೆ, ರಾತ್ರಿ ಮನೆಗೆ ಬರುವುದೇ ಒಂಬತ್ತು.

ಮರುದಿನ ಅತ್ತಿ ತಮ್ಮ ಮಣೆಯನ್ನು ಮಷೀನಿನ ಪಕ್ಕಕ್ಕೆ ಎಳೆದುಕೊಂಡರು. ‘ಅದರ ಮಾರಿ ನೋಡಬ್ಯಾಡ, ನಾ ಎಣಸ್ತೀನಿ’ ಅಂತ ಮಾನಿಟರಿನ ಮೇಲೆ ಟವೆಲ್ ಹಾಕಿದರು. ನಾನು ಒಮ್ಮೆ ಎಳೆದರೆ ಅವರದು ಒಂದು ಮಣಿ. ಒಂದು ಕಿಲೋಮೀಟರಿಗೆ ನನಗೆ 117 ಎಳೆತ ಬೇಕು. ಮಾಲೆ ಒಂದು ಸುತ್ತು 108, ಮೇಲೆ ಒಂಬತ್ತು ಮಣಿ. ಅವರು ಬಾಯಿಬಿಟ್ಟು ಎಣಿಸುತ್ತಿರಲಿಲ್ಲ. ಮಣಿ ಮಣಿಗೆ ತಾಗುವ ಸದ್ದು, ಗಾಳಿಯ ಸದ್ದು, ಇಷ್ಟೇ. ಸುತ್ತು ಮುಗಿದು ಒಂಬತ್ತು ದಾಟಿದಾಗ ‘ಒಂದಾತು’ ಅನ್ನುತ್ತಿದ್ದರು. ಆರು ಸಲ ಆ ಮಾತು ಕೇಳಿದರೆ ನನ್ನ ದಿನ ಮುಗಿಯಿತು. ನಾನು ಅಂಕಿ ನೋಡುವುದು ಬಿಟ್ಟೆ, ಮಣಿಯ ಸದ್ದಿಗೆ ಕಾಲು ಒದೆಯುತ್ತಿದ್ದೆ. ಹನ್ನೆರಡು ದಿನ ಹೀಗೇ ಎಳೆದೆವು. ಎಳೆದೆವು ಅಂತಲೇ ಬರೆಯುತ್ತೇನೆ.

ಮಾರ್ಚ್ ನಡುವಿನಲ್ಲಿ ಕಿರ್ದಿಯ ಬಾಕಿ ಸೊನ್ನೆಗೆ ಬಂತು. ಅಂದು ಅತ್ತಿ ಗೋದಿ ಹುಗ್ಗಿ ಮಾಡಿದರು.

ಈಗ ಕೊಳ್ಳುವವರಿಗೆ. ನನ್ನ ಹಾಗೆ ಹಳೆಯದು ಸಿಕ್ಕರೆ, ಕಬ್ಬಿಣ ಮತ್ತೆ ಚೈನು ಸರಿ ಇದ್ದರೆ, ತಗೊಳ್ಳಿ. ಕೊಳ್ಳುವ ಮುಂಚೆ ಸೀಟಿನ ಮೇಲೆ ಅರ್ಧ ತಾಸು ಕೂರಿ, ಐದು ನಿಮಿಷ ಕೂತರೆ ಏನೂ ಗೊತ್ತಾಗುವುದಿಲ್ಲ. ಬಿಡಿ ಭಾಗ ಕೊಡುತ್ತೀರಾ ಅಂತ ಕಂಪನಿಗೆ ಮೊದಲೇ ಕೇಳಿ. ಮೊಣಕಾಲು ನೋವಿದ್ದವರು ಡಾಕ್ಟರನ್ನು ಕೇಳದೆ ಕೂರಬೇಡಿ. ಹೊಸದಕ್ಕೆ ಲಕ್ಷ ಸುರಿಯಬೇಕಾ ಅಂದರೆ, ನನ್ನ ಸಂಬಳದಲ್ಲಿ ಬೇಡ ಅನ್ನುತ್ತೇನೆ.

ಕಂಬಳಿ ತುಂಡಿನಲ್ಲಿ ಎಲುಬು ತಾಗುವ ಎರಡು ಕಡೆ ಈಗ ಎಳೆ ಸವೆದಿದೆ. ಬೆಳಕಿಗೆ ಹಿಡಿದರೆ ಎರಡು ದುಂಡು ಕಾಣಿಸುತ್ತವೆ. ಯುಗಾದಿಗೆ ಮೆಡ್ಲೇರಿಗೆ ಹೋದಾಗ ಸೀಟಿನ ಅಳತೆಗೆ ಇನ್ನೊಂದು ನೇಯಿಸಿಕೊಂಡು ಬಂದೆವು. ಹಳೆಯದನ್ನು ಅತ್ತಿ ಮಡಚಿ ಮತ್ತೆ ಟ್ರಂಕಿನಲ್ಲಿ ಇಟ್ಟಿದ್ದಾರೆ.