ರಿಸರ್ವ್ ಪೈಲಟ್ ಕಣ್ಣಲ್ಲಿ ಒಂದು ಕ್ರ್ಯಾಶ್‌ಪ್ಯಾಡ್

ಹಾಸಿಗೆ ಚೆನ್ನಾಗಿದೆ, ಕಿಟಕಿಗೆ ದಪ್ಪ ಪರದೆ ಇದೆ, ಬಟ್ಟೆ ಒಣಗಿಸುವ ಡ್ರೈಯರ್ ಮಾತ್ರ ಜೀವ ತಿನ್ನುತ್ತದೆ. ಅವಸರದಲ್ಲಿರುವವರಿಗೆ ಇಷ್ಟು ಸಾಕು. ಸೀನಿಯಾರಿಟಿ ಪಟ್ಟಿಯ ತಳದಲ್ಲಿದ್ದು, ತಿಂಗಳಿಡೀ ರಿಸರ್ವ್ ಕೂರಬೇಕಾಗಿ ಬಂದು, ಅಂದರೆ ಸ್ವಂತ ಟ್ರಿಪ್ ಇಲ್ಲದೆ ಕಂಪನಿಯ ಕರೆಗೆ ಕಾಯುತ್ತಾ, ಟ್ರಿಪ್ ಶುರುವಾಗುವ ನಿಲ್ದಾಣವಾದ ಬೇಸ್ ಹತ್ತಿರ ತಲೆಯಿಡಲು ಜಾಗ ಹುಡುಕುತ್ತಿರುವವರು ಮುಂದೆ ಓದಿ.

ಕ್ರ್ಯಾಶ್‌ಪ್ಯಾಡ್ ಅಂದರೆ, ಸ್ವಂತ ಮನೆ ಒಂದೂರಲ್ಲಿ, ಬೇಸ್ ಇನ್ನೊಂದೂರಲ್ಲಿ ಇರುವ ಪೈಲಟ್‌ಗಳೂ ಗಗನಸಖಿಯರೂ ಹಂಚಿಕೊಂಡು ಮಲಗುವ ಬಾಡಿಗೆ ಮನೆ. ಅಮೆರಿಕದ ಏರ್‌ಲೈನ್ ಬದುಕಿನಲ್ಲಿ ಇದು ತೀರಾ ಮಾಮೂಲು. ಟ್ರಿಪ್ ಮೇಲಿದ್ದಾಗ ಹೋಟೆಲ್ ಖರ್ಚು ಕಂಪನಿಯದು; ಬೇಸ್‌ನಲ್ಲಿ ಕಾಯುವಾಗಿನ ಹಾಸಿಗೆ ನಮ್ಮ ಜೇಬಿನದು. ನಾನು ಬರೆಯುತ್ತಿರುವ ಮನೆಯನ್ನು ನಡೆಸುವವರು ನಿವೃತ್ತ ಗಗನಸಖಿ. ಎರಡು ಮಹಡಿ, ಎಲ್ಲ ಕೋಣೆಗಳಲ್ಲೂ ಬಂಕ್ ಮಂಚ. 'ಕೋಲ್ಡ್ ಬಂಕ್' ಹಿಡಿದರೆ ಆ ಮಂಚ ನಿಮ್ಮೊಬ್ಬರದೇ, ನೀವು ಇಲ್ಲದಿದ್ದಾಗಲೂ ಯಾರೂ ಮುಟ್ಟುವುದಿಲ್ಲ. 'ಹಾಟ್ ಬಂಕ್' ಆದರೆ ಅವತ್ತು ಖಾಲಿ ಇದ್ದದ್ದು ನಿಮ್ಮದು, ಹೊದಿಕೆ ನೀವೇ ತರಬೇಕು.

ಇಂಥ ಮನೆಗಳ ಬಗ್ಗೆ ಬರೆಯುವವರು ಹೆಚ್ಚಾಗಿ ಲೈನ್ ಹೋಲ್ಡರ್‌ಗಳು. ತಿಂಗಳ ಟ್ರಿಪ್ಪುಗಳೆಲ್ಲ ಮೊದಲೇ ಕೈಯಲ್ಲಿರುವವರು. ಟ್ರಿಪ್ ಹಿಂದಿನ ರಾತ್ರಿ ಬಂದು, ಮಲಗಿ, ಬೆಳಿಗ್ಗೆ ಹೊರಡುತ್ತಾರೆ. 'ಸ್ವಚ್ಛ, ನಿಶ್ಶಬ್ದ, ಐದು ಸ್ಟಾರ್' ಎಂದು ಬರೆಯುತ್ತಾರೆ. ರಾತ್ರಿ ಹನ್ನೊಂದಕ್ಕೆ ಯಾವ ಮನೆ ತಾನೇ ನಿಶ್ಶಬ್ದ ಇರುವುದಿಲ್ಲ? ರಿಸರ್ವ್‌ನವರು ನೋಡಬೇಕಾದದ್ದು ಬೆಳಿಗ್ಗೆ ಹತ್ತಕ್ಕೆ ಅಲ್ಲಿ ನಿದ್ದೆ ಬರುತ್ತದೆಯೇ ಅನ್ನುವುದನ್ನು.

ಯಾಕೆ ಅಂತ ಹೇಳುತ್ತೇನೆ. ಕರೆದ ಸ್ವಲ್ಪ ಹೊತ್ತಿಗೇ ಹಾಜರಾಗಬೇಕಾದ ಶಾರ್ಟ್ ಕಾಲ್ ರಿಸರ್ವ್‌ನಲ್ಲಿ ನಮಗೆ ಕೊಡುವುದು ಟ್ರಿಪ್ ಅಲ್ಲ, 'ರ‍್ಯಾಪ್'. ರಿಸರ್ವ್ ಅವೈಲಬಿಲಿಟಿ ಪೀರಿಯಡ್. ಆ ಅವಧಿಯಲ್ಲಿ ಫೋನ್ ಎತ್ತಬೇಕು, ಕರೆದರೆ ಹೊರಡಬೇಕು. ಪೈಲಟ್‌ಗಳ ಡ್ಯೂಟಿ, ವಿಶ್ರಾಂತಿಗೆ ಮಿತಿ ಹಾಕುವ ಅಮೆರಿಕದ ವಾಯುಯಾನ ನಿಯಮಗಳ ಭಾಗ 117ರಂತೆ ಅದು 14 ಗಂಟೆ ಮೀರುವಂತಿಲ್ಲ, ಅದಕ್ಕೂ ಮುಂಚೆ ಸತತ 10 ಗಂಟೆ ವಿಶ್ರಾಂತಿ ಇರಬೇಕು, ಆ ಹತ್ತರಲ್ಲಿ ಎಂಟು ಗಂಟೆ ಅಡ್ಡಿಯಿಲ್ಲದೆ ಮಲಗಲು ಅವಕಾಶ ಇರಬೇಕು. ಮಧ್ಯಾಹ್ನ 2ಕ್ಕೆ ರ‍್ಯಾಪ್ ಶುರುವಾದರೆ ಬೆಳಗಿನ ಜಾವ 4ರ ತನಕ ಕಂಪನಿಯ ಕೈಯಲ್ಲಿ. ಇಬ್ಬರೇ ಪೈಲಟ್‌ಗಳಿರುವ ವಿಮಾನಕ್ಕೆ ಕರೆದರೆ, ರ‍್ಯಾಪ್ ಶುರುವಾದಾಗಿನಿಂದ ಎಣಿಸಿ ಎಲ್ಲ ಸೇರಿ ಹೆಚ್ಚೆಂದರೆ 16 ಗಂಟೆ. ಅಂದರೆ ಬೆಳಿಗ್ಗೆ 6ರವರೆಗೂ ಹಾರಿಸಬಹುದು. ರಾತ್ರಿ 2ರಿಂದ 5:59ರವರೆಗಿನ ಹೊತ್ತನ್ನು ದೇಹ ತೀರಾ ಕುಗ್ಗಿರುವ ಕಾಲ ಎಂದು ಅದೇ ನಿಯಮ ಗುರುತಿಸುತ್ತದೆ. ಆ ಹೊತ್ತಿಗೆ ಎಚ್ಚರ ಇರಬೇಕಾದರೆ ಹಿಂದಿನ ಬೆಳಿಗ್ಗೆ ನಿದ್ದೆ ಮಾಡಿರಬೇಕು.

ನಿಯಮ ಎಣಿಸುವುದು ರ‍್ಯಾಪ್ ಶುರುವಾದ ಗಳಿಗೆಯಿಂದ. ನೀವು ಎದ್ದ ಗಳಿಗೆ ಅದರ ಲೆಕ್ಕಕ್ಕಿಲ್ಲ. ಬೆಳಿಗ್ಗೆ 7ಕ್ಕೇ ಕಣ್ಣುಬಿಟ್ಟು ಆಮೇಲೆ ನಿದ್ದೆ ಹತ್ತದಿದ್ದರೆ, ಮರುದಿನ 6ಕ್ಕೆ ಇಳಿಯುವಾಗ ನೀವು ಎಚ್ಚರವಾಗಿ 23 ಗಂಟೆ ಆಗಿರುತ್ತದೆ. ಗಡಿಯಾರದ ಪ್ರಕಾರ ಎಲ್ಲ ಕಾನೂನುಬದ್ಧ. ಯುರೋಪಿನ ನಿಯಮ ಇಲ್ಲಿ ಸ್ವಲ್ಪ ಮೇಲು: ಕರೆಗೆ ಕಾಯುವ ಸ್ಟ್ಯಾಂಡ್‌ಬೈ ಮತ್ತು ಡ್ಯೂಟಿ ಸೇರಿ 18 ಗಂಟೆಗಿಂತ ಹೆಚ್ಚು ಎಚ್ಚರ ಇರಬೇಕಾಗಿ ಬರದಂತೆ ಕಂಪನಿಯೇ ವ್ಯವಸ್ಥೆ ಮಾಡಿರಬೇಕು ಅನ್ನುತ್ತದೆ. ನಮ್ಮಲ್ಲಿ ಆ ಅಂತರ ತುಂಬುವುದು ಪೈಲಟ್ ಸಹಿ. ಪ್ರತಿ ಹಾರಾಟಕ್ಕೂ ಮುಂಚೆ 'ನಾನು ಕೆಲಸಕ್ಕೆ ಶಕ್ತ' ಎಂದು ಒಪ್ಪಿ ಹೇಳಲೇಬೇಕು. ಆ ಸಹಿಯನ್ನು ಸುಳ್ಳಾಗದಂತೆ ನೋಡಿಕೊಳ್ಳುವುದೇ ಕ್ರ್ಯಾಶ್‌ಪ್ಯಾಡ್‌ನ ಕೆಲಸ ಅಂತ ನನ್ನ ಎಣಿಕೆ. ಬಾಡಿಗೆ ಕೊಡುವುದು ಅದಕ್ಕೆ.

ಭಾಗ 117ರಲ್ಲೇ 'ಸೂಕ್ತ ವಸತಿ' ಎಂಬುದಕ್ಕೆ ವ್ಯಾಖ್ಯೆ ಇದೆ. ಸೆಖೆ ಚಳಿ ಹದದಲ್ಲಿರಬೇಕು, ಸದ್ದು ತಗ್ಗಿಸಿರಬೇಕು, ಬೆಳಕು ನಿಯಂತ್ರಿಸಲು ಬರಬೇಕು, ಮೈಚಾಚಿ ಮಲಗುವಂತಿರಬೇಕು. ನಾವು ನಾವೇ ಹಿಡಿದ ಬಾಡಿಗೆ ಮನೆಯನ್ನು ಯಾರೂ ಅದಕ್ಕೆ ಒರೆ ಹಚ್ಚಿ ನೋಡುವುದಿಲ್ಲ. ಅದಕ್ಕೇ ನಾನು ನೋಡಿದೆ.

ಮೈಚಾಚುವ ವಿಷಯದಲ್ಲಿ ತಕರಾರಿಲ್ಲ. ಮಂಚ ಗಟ್ಟಿ, ಮೇಲಿನವರು ಮಗ್ಗುಲಾದರೆ ಕೆಳಗಿನವರು ಅಲ್ಲಾಡುವುದಿಲ್ಲ. ಎತ್ತರದವರು ಕೆಳಗಿನ ಬಂಕ್ ಕೇಳಿಕೊಳ್ಳಿ, ಮೇಲಿನದರಲ್ಲಿ ಕೂತರೆ ತಲೆ ಸೂರಿಗೆ ತಾಗುತ್ತದೆ.

ಬೆಳಕಿನ ವಿಷಯದಲ್ಲಿ ಈ ಮನೆಗೆ ಪೂರ್ತಿ ಅಂಕ. ಪರದೆ ಚೌಕಟ್ಟಿನ ಆಚೆಗೂ ಚಾಚಿದೆ, ಅಂಚಿನ ಸಂದುಗಳಿಗೆ ಹಿಂದೆ ಇದ್ದವರು ಯಾರೋ ಅಲ್ಯೂಮಿನಿಯಂ ಹಾಳೆ ಅಂಟಿಸಿ ಹೋಗಿದ್ದಾರೆ. ಹಾರೈಸಬೇಕು ಅವರನ್ನು. ಬಾಗಿಲ ಅಡಿಯ ಸಂದಿಗೆ ರಬ್ಬರ್ ಪಟ್ಟಿ. ಕೋಣೆಯೊಳಗೆ ದೊಡ್ಡ ದೀಪ ಹಾಕುವಂತಿಲ್ಲ, ಪ್ರತಿ ಮಂಚಕ್ಕೂ ಒಂದು ಪುಟ್ಟ ಕೆಂಪು ದೀಪ. ಹಗಲೋ ರಾತ್ರಿಯೋ ತಿಳಿಯದಷ್ಟು ಕತ್ತಲೆ. ಕಣ್ಣುಪಟ್ಟಿ ಕಟ್ಟಿಕೊಳ್ಳದೆ ಮಲಗಲು ಸಿಕ್ಕ ಮೊದಲ ಕ್ರ್ಯಾಶ್‌ಪ್ಯಾಡ್ ಇದು.

ಸೆಖೆ ಸ್ವಲ್ಪ ಇದೆ. ಎ.ಸಿ. ಗುಂಡಿ ಬೀಗ ಹಾಕಿದ ಪ್ಲಾಸ್ಟಿಕ್ ಡಬ್ಬಿಯೊಳಗೆ, ಕೀಲಿ ಒಡತಿಯ ಬಳಿ. ಮಹಡಿಯ ಕೋಣೆ ಮಧ್ಯಾಹ್ನ ಕಾದು ಬಿಸಿಯಾಗುತ್ತದೆ. ಮೂಲೆಯಲ್ಲಿ ಒಂದು ದೊಡ್ಡ ಫ್ಯಾನ್ ಸದಾ ತಿರುಗುತ್ತಿರುತ್ತದೆ. ಗಾಳಿಗಿಂತ ಅದರ ಗುಂಯ್‌ಗುಡುವ ಸದ್ದೇ ಹೆಚ್ಚು ಉಪಕಾರಿ.

ಇನ್ನು ಸದ್ದು. ಮಾತಿನ ಗಲಾಟೆ ಇಲ್ಲ, ಆ ಶಿಸ್ತು ಒಡತಿಯ ಪುಣ್ಯ. ಟಿ.ವಿ.ಯನ್ನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ ನೋಡಬೇಕು. ಫೋನ್‌ಗಳಿಗೂ ನಿಯಮ: ರಿಂಗ್ ಆಗುವಂತಿಲ್ಲ, ದಿಂಬಿನಡಿ ಕಂಪಿಸಬೇಕು, ಇಲ್ಲವೇ ಕೈಗಡಿಯಾರದಲ್ಲಿ. ಒಂದೇ ಕಂಪನಿಯ ನಾಲ್ವರು ಒಂದೇ ಕೋಣೆಯಲ್ಲಿ ರಿಸರ್ವ್ ಇರುವಾಗ ಈ ನಿಯಮದ ಬೆಲೆ ತಿಳಿಯುತ್ತದೆ. ಎಲ್ಲೋ ಒಂದು ಫೋನ್ ಗುರ್ ಅಂದರೆ ಸಾಕು, ನಾಲ್ವರೂ ಕತ್ತಲಲ್ಲಿ ಉಸಿರು ಬಿಗಿಹಿಡಿಯುತ್ತೇವೆ, ಪ್ರಶ್ನೆ ಕೇಳಲು ಮೇಷ್ಟ್ರು ಕಣ್ಣಾಡಿಸುವಾಗ ಹಿಂದಿನ ಬೆಂಚಿನವರು ಕೂತ ಹಾಗೆ.

ಆದರೆ ಡ್ರೈಯರ್. ಅದನ್ನಿಟ್ಟಿರುವುದು ಕೆಳಗಿನ ಬಂಕ್ ಕೋಣೆಯ ಗೋಡೆಗೆ ಒತ್ತಿಕೊಂಡು. ಟ್ರಿಪ್ ಮುಗಿಸಿ ಬೆಳಿಗ್ಗೆ ಬಂದವರು ಯೂನಿಫಾರ್ಮ್ ಅಂಗಿ ಒಗೆಯಲು ಹಾಕುತ್ತಾರೆ, ತಪ್ಪೇನಲ್ಲ. ಆದರೆ ಸರಿಯಾಗಿ ಅದೇ ಹೊತ್ತಿಗೆ ಸಂಜೆಯ ರ‍್ಯಾಪ್‌ನವರು ಗಾಢ ನಿದ್ದೆಯಲ್ಲಿರುತ್ತಾರೆ. ಯಂತ್ರ ತಿರುಗುವಾಗ ಗೋಡೆ ನಡುಗುತ್ತದೆ, ಮುಗಿದಾಗ ಕಿರುಚುತ್ತದೆ. ಒಡತಿಗೆ ಹೇಳಿದೆವು. ಅವರು ಯಂತ್ರದ ಮೇಲೆ 'ದಯವಿಟ್ಟು ಇತರರನ್ನು ನೆನೆಯಿರಿ' ಎಂದು ಚೀಟಿ ಅಂಟಿಸಿದರು. ಚೀಟಿ ನೋಡಿ ಯಂತ್ರ ಸುಮ್ಮನಾಗುತ್ತದೆಯೇ! ಬೆಳಗಿನ ಹೊತ್ತು ಅದಕ್ಕೆ ವಿದ್ಯುತ್ತೇ ಹೋಗದಂತೆ ಒಂದು ಟೈಮರ್ ಹಾಕಿಸಿದ್ದರೆ ಮುಗಿಯುತ್ತಿತ್ತು. ನಾನು ಕೋಣೆ ಬದಲಿಸಿ ಮಹಡಿಗೆ ಹೋದೆ. ಸೆಖೆ ತಡೆಯಬಹುದು, ಅದನ್ನಲ್ಲ.

ಇಷ್ಟೊಂದು ಕೊರಗು ಯಾಕೆ ಅನ್ನುವವರಿಗೆ ಒಂದು ಹಳೆಯ ಪ್ರಕರಣ ನೆನಪಿಸುತ್ತೇನೆ. 2009ರ ಫೆಬ್ರವರಿ 12ರಂದು ನ್ಯೂವಾರ್ಕ್‌ನಿಂದ ಬಫೆಲೊಗೆ ಹೊರಟಿದ್ದ ಕೋಲ್ಗನ್ ಏರ್ 3407 ವಿಮಾನ ಒಂದು ಮನೆಯ ಮೇಲೆ ಬಿದ್ದು, ಮನೆಯಲ್ಲಿದ್ದ ಒಬ್ಬರೂ ಸೇರಿ 50 ಜನ ಸತ್ತರು. ಫಸ್ಟ್ ಆಫೀಸರ್, ಅಂದರೆ ಸಹಪೈಲಟ್, ಹಿಂದಿನ ರಾತ್ರಿ ಸಿಯಾಟಲ್‌ನಿಂದ ಮೆಂಫಿಸ್ ಮೂಲಕ ರಾತ್ರಿಯಿಡೀ ಪ್ರಯಾಣ ಮಾಡಿ ಬೇಸ್‌ಗೆ ಬಂದಿದ್ದರು. ಕ್ಯಾಪ್ಟನ್ ರಾತ್ರಿ ಕಳೆದದ್ದು ನಿಲ್ದಾಣದ ಸಿಬ್ಬಂದಿ ಕೋಣೆಯಲ್ಲಿ. ತನಿಖೆ ಮುಖ್ಯ ಕಾರಣವೆಂದು ಹೇಳಿದ್ದು ಸ್ಟಾಲ್ ಎಚ್ಚರಿಕೆಗೆ, ಅಂದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯಲಾಗದ ಸ್ಥಿತಿ ಹತ್ತಿರವಾಗಿದೆ ಎಂಬ ಸೂಚನೆಗೆ, ಕ್ಯಾಪ್ಟನ್ ಪ್ರತಿಕ್ರಿಯಿಸಿದ ತಪ್ಪು ರೀತಿಯನ್ನು. ಆಯಾಸ ಇಬ್ಬರ ಕೆಲಸವನ್ನೂ ಬಹುಶಃ ಕುಂದಿಸಿತ್ತು, ಎಷ್ಟರ ಮಟ್ಟಿಗೆ ಎಂದು ಅಳೆಯಲಾಗದು ಎಂದೂ ಹೇಳಿತು. 2014ರ ಜನವರಿ 4ರಂದು ಜಾರಿಗೆ ಬಂದ ಭಾಗ 117ರ ಹಿಂದೆ ಆ ಸಾವುಗಳ ಒತ್ತಡ ಇತ್ತು. ಹೊಸ ನಿಯಮ ಗಂಟೆಗಳನ್ನು ಸರಿಪಡಿಸಿತು. ಬೇಸ್‌ಗೆ ಬಂದವರು ಸೋಫಾದ ಮೇಲೆ ಮಲಗುತ್ತಾರೋ ಮಂಚದ ಮೇಲೋ ಅನ್ನುವುದು ಇವತ್ತಿಗೂ ಅವರವರ ಪಾಡು.

ವ್ಯಾನ್ ಬಗ್ಗೆ ಹೇಳಲೇಬೇಕು. ಮುಂಜಾನೆ 4ರಿಂದ ರಾತ್ರಿ 11ರವರೆಗೆ ಗಂಟೆಗೊಂದು ಸಲ ಟರ್ಮಿನಲ್‌ಗೆ ಬಿಡುತ್ತದೆ, ಸಮಯಕ್ಕೆ ಸರಿಯಾಗಿ. ಅನೇಕ ಕಂಪನಿಗಳಂತೆ ನಮ್ಮಲ್ಲೂ ಶಾರ್ಟ್ ಕಾಲ್ ಬಂದರೆ ಎರಡು ಗಂಟೆಯೊಳಗೆ ಹಾಜರಿರಬೇಕು. ಸ್ನಾನ, ಯೂನಿಫಾರ್ಮ್, ಬ್ಯಾಗು, ಸೆಕ್ಯುರಿಟಿ ಎಲ್ಲ ಲೆಕ್ಕ ಹಾಕಿ. ಒಂದು ವ್ಯಾನ್ ತಪ್ಪಿದರೂ ಇನ್ನೊಂದು ಹಿಡಿಯಬಹುದು. ಕಷ್ಟ ಬರುವುದು ರಾತ್ರಿ 11ರ ನಂತರ. ನನ್ನಂಥ ಸಂಜೆಯ ರ‍್ಯಾಪ್‌ನವರಿಗೆ ಕರೆ ಬರುವುದೇ ಆಗ, ಆಗ ಟ್ಯಾಕ್ಸಿಯೇ ಗತಿ. ಸ್ನಾನದ ಕೋಣೆಗೂ ಬೆಳಗಿನ ಜಾವ ಸಾಲು ಇರುತ್ತದೆ, ಒಳಗಿರುವವರಿಗೆ ಅಂಥ ಗಡಿಬಿಡಿ ಇರುವುದಿಲ್ಲ. ಅಡುಗೆಮನೆ ಸ್ವಚ್ಛವಾಗಿದೆ, ಫ್ರಿಜ್‌ನಲ್ಲಿ ಹೆಸರು ಬರೆದಿಟ್ಟದ್ದನ್ನು ಯಾರೂ ಮುಟ್ಟುವುದಿಲ್ಲ. ಅದಕ್ಕಿಂತ ಹೆಚ್ಚು ಹೇಳುವುದೇನಿಲ್ಲ.

ಜಾಹೀರಾತಿನಲ್ಲಿ ಇಲ್ಲದ ಒಂದು ಸೌಲಭ್ಯ ಈ ಮನೆಯಲ್ಲಿದೆ: ಅಡುಗೆಮನೆಯ ಹರಟೆ. ರಿಸರ್ವ್ ಕೂತವರ ಅರ್ಧ ಬದುಕು ಊಹೆ. ಇವತ್ತು ಕರೆಯುತ್ತಾರಾ, ಯಾರನ್ನು ಮೊದಲು? ಸಂಜೆ ಓಪನ್ ಟ್ರಿಪ್‌ಗಳ, ಅಂದರೆ ಇನ್ನೂ ಯಾರಿಗೂ ಹಂಚದ ಟ್ರಿಪ್‌ಗಳ ಪಟ್ಟಿ ನೋಡಬೇಕು, ತನ್ನ ಮುಂದೆ ಎಷ್ಟು ಜನ ರಿಸರ್ವ್ ಉಳಿದಿದ್ದಾರೆ ನೋಡಬೇಕು, ಎಲ್ಲಿ ಬಿರುಗಾಳಿ ಎದ್ದಿದೆ ನೋಡಬೇಕು. ದೂರದ ಯಾವುದೋ ನಿಲ್ದಾಣದಲ್ಲಿ ಮಧ್ಯಾಹ್ನ ಗುಡುಗಿದರೆ, ಅಲ್ಲಿ ಸಿಕ್ಕಿಹಾಕಿಕೊಂಡವರ ಡ್ಯೂಟಿ ಸಮಯ ಮುಗಿದು, ರಾತ್ರಿ ನಮ್ಮ ದಿಂಬು ನಡುಗುತ್ತದೆ. ಇದನ್ನೆಲ್ಲ ನನಗೆ ಕಲಿಸಿದ್ದು ಕಂಪನಿಯ ತರಬೇತಿಯಲ್ಲ, ಈ ಮೇಜಿನ ಸುತ್ತ ಕೂತವರು. ನಾಲ್ಕು ದಿನ ರಿಸರ್ವ್ ಬಾಕಿ ಇರುವಾಗ ಚೆನ್ನಾದ ಎರಡು ದಿನದ ಟ್ರಿಪ್ ಕಂಡರೆ ತಾನಾಗಿ ಕೇಳಿ ಪಡೆಯುವುದು ಮೇಲು, ಇಲ್ಲದಿದ್ದರೆ ಕೊನೆಗೆ ಕೆಟ್ಟದ್ದು ತಲೆಗೆ ಬೀಳುತ್ತದೆ ಎಂದು ಹೇಳಿಕೊಟ್ಟವರು ಇಲ್ಲಿಯ ಒಬ್ಬ ಹಿರಿಯ ಫಸ್ಟ್ ಆಫೀಸರ್. ಕರೆ ಬಂದರೂ ಬಾರದಿದ್ದರೂ ತಿಂಗಳ ಗ್ಯಾರಂಟಿ ಗಂಟೆಗಳ ಸಂಬಳ ಬರುತ್ತದೆ ನಿಜ. ಮಂಚದ ಮೇಲೆ ಕೂತು ಸಂಪಾದಿಸುವುದು ಹೊರಗಿನವರಿಗೆ ಸುಖವಾಗಿ ಕಾಣುತ್ತದೆ. ಫೋನ್ ಕೈಲಿ ಹಿಡಿದು ಸ್ನಾನಕ್ಕೆ ಹೋಗಿ ನೋಡಲಿ.

ಯಾರು ಇಲ್ಲಿ ಮಂಚ ಹಿಡಿಯಬಾರದು? ಲಾಂಗ್ ಕಾಲ್ ಸಿಕ್ಕವರು, ಅಂದರೆ ಬಹಳ ಮುಂಚೆಯೇ ಕರೆ ಬರುವ ರಿಸರ್ವ್‌ನವರು. ದೇಹ ಕುಗ್ಗುವ ಹೊತ್ತಿಗೆ ಮುಂಚೆ ಶುರುವಾಗಿ ಅದರೊಳಗೆ ಹಾಯುವ ಡ್ಯೂಟಿ ಆದರೆ 12 ಗಂಟೆ ಮುಂಚೆ ತಿಳಿಸಬೇಕೆಂದು ನಿಯಮವೇ ಇದೆ, ಉಳಿದದ್ದಕ್ಕೂ ಸಾಮಾನ್ಯವಾಗಿ ಸಾಕಷ್ಟು ಮುಂಚೆ ಹೇಳುತ್ತಾರೆ. ಮನೆಯಲ್ಲೇ ಇರಿ, ಬೇಕಾದಾಗ ಹಾಟ್ ಬಂಕ್ ಸಾಕು. ಬೆಳಗಿನ ಜಾವ ಶುರುವಾಗುವ ರ‍್ಯಾಪ್‌ನವರಿಗೆ ಕೆಳಗಿನ ಕೋಣೆಯೂ ಆದೀತು, ಡ್ರೈಯರ್ ಶುರುವಾಗುವ ಹೊತ್ತಿಗೆ ಹೇಗೂ ಎದ್ದಿರುತ್ತೀರಿ. ಮಧ್ಯಾಹ್ನದ ನಂತರ ಶುರುವಾಗುವವರು ಮಹಡಿಯ ಕೋಲ್ಡ್ ಬಂಕ್ ಬಿಟ್ಟು ಬೇರೆ ಏನನ್ನೂ ಒಪ್ಪಬೇಡಿ. ಅಲ್ಲಿ ಸದ್ಯ ಒಂದೇ ಖಾಲಿ ಇದೆ, ಫ್ಯಾನ್ ಪಕ್ಕದ್ದು. ಒಡತಿ ಮೊದಲು ಕೆಳಗಿನ ಕೋಣೆ ತೋರಿಸುತ್ತಾರೆ, ಮನೆ ಅತಿ ನಿಶ್ಶಬ್ದವಾಗಿರುವ ಸಂಜೆ ಏಳರ ಸುಮಾರಿಗೆ. ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆ ಅನ್ನಿ.